ದೋಣಿಗೊಂದು ಗಾಡಿ

ಪುಣೆ ಬಳಿಯ ಮುಳಶಿ ಹಿನ್ನೀರಿಗೆ ಹುಟ್ಟು ಹಾಕಿ ನಡೆಸುವ ಕಿರುದೋಣಿಗಳಾದ ಎರಡು ಕಯಾಕ್‌ಗಳನ್ನೂ ಡೇರೆಯ ಸಾಮಾನನ್ನೂ ಒಯ್ಯಲು ಸಣ್ಣ ಟ್ರೇಲರ್ ಮಾಡಿಸುವ ಕೆಲಸ ನಿನ್ನೆ ಭೋಸರಿಯ ವೆಲ್ಡಿಂಗ್ ಶೆಡ್ಡೊಂದರಲ್ಲಿ ಶುರುವಾಯಿತು. ಹನ್ನೆರಡು ಅಡಿಯ ಪ್ಲಾಸ್ಟಿಕ್ ಕಯಾಕ್ ಸುಮಾರು 25 ಕಿಲೋ ತೂಗುತ್ತದೆಯಾದ್ದರಿಂದ ಅದರ ಭಾರಕ್ಕಿಂತ ಉದ್ದವೇ ದೊಡ್ಡ ಚಿಂತೆ. ಕಾರಿಗೆ ಕೊಂಡಿ ಹಾಕುವ ದಂಡ ಗಿಡ್ಡವಾದರೆ ಪಿರಂಗುಟ್ ಘಾಟಿನಂತಹ ತಿರುವುಗಳಲ್ಲಿ ದೋಣಿಯ ಮೂತಿ ಕಾರಿನ ಹಿಂಬದಿಗೆ ತಾಗುತ್ತದೆ. ಬೆಳಗಾವಿ ಕಡೆಯ ವೆಲ್ಡರ್ ಕಯಾಕನ್ನು ಎರಡು ಸ್ಟೂಲುಗಳ ಮೇಲಿಟ್ಟು, ನೆಲದ ಮೇಲೆ ಸೀಮೆಸುಣ್ಣದಿಂದ ಕಾರು ತಿರುಗುವ ಕಮಾನನ್ನೇ ಬರೆದು, “ಇನ್ನೊಂದು ಫೂಟು ಬಿಡೂಣ್ರೀ ಸರ” ಎಂದರು. ನಾನು ಒಪ್ಪಿದೆ.

ಸ್ಪ್ರಿಂಗ್ ಪಟ್ಟಿಗಳು ಮೃದುವಾಗಿರಲೆಂದು ಮಾತ್ರ ಹಟ ಹಿಡಿದೆ, ಏಕೆಂದರೆ ಹಗುರ ಹೊರೆಗೆ ಬಿರುಸಾದ ಪಟ್ಟಿ ಹಾಕಿದರೆ ಗಾಡಿ ಹಳ್ಳದಿಂದ ಹಳ್ಳಕ್ಕೆ ಪುಟಿಯುತ್ತದೆ. ನೀರಿನ ಕ್ಯಾನು, ಒಲೆ, ಪಾತ್ರೆಗಳ ಪೆಟ್ಟಿಗೆ ಚಕ್ರದ ಅಚ್ಚಿನಿಂದ ತುಸು ಮುಂದಕ್ಕೆ ಬರಬೇಕು. ಒಟ್ಟು ತೂಕದ ಶೇಕಡ 10ರಷ್ಟಾದರೂ ಕೊಂಡಿಯ ಮೇಲೆ ಬೀಳದಿದ್ದರೆ ವೇಗದಲ್ಲಿ ಟ್ರೇಲರ್ ಬಾಲ ಬೀಸತೊಡಗುತ್ತದೆ. ಇದನ್ನು ಹೇಳುವಾಗ ಅಪ್ಪನ ನೆನಪಾಯಿತು. ಊರಿನಲ್ಲಿ ಚಕ್ಕಡಿ ಹೇರಿದ ಮೇಲೆ ಅವರು ನೊಗವನ್ನೊಮ್ಮೆ ಕೈಯಿಂದ ಎತ್ತಿ ನೋಡಿ, ಹಿಂಭಾರವೆನಿಸಿದರೆ ಒಂದು ಚೀಲವನ್ನು ಮುಂದಕ್ಕೆ ಎಳೆದಿಟ್ಟು, ಆಮೇಲೆಯೇ ಎತ್ತುಗಳನ್ನು ಕಟ್ಟುತ್ತಿದ್ದರು.