ಶಿರಸಿಯಿಂದ ಥಾರ್‌ಗೆ: ಮರಳಿನಷ್ಟೇ ಹುಲ್ಲನ್ನೂ ನೋಡಿ ಬನ್ನಿ

ಜೈಸಲ್ಮೇರಿನ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿರುವ ನಮ್ಮ ಜಿಲ್ಲೆಯವರಿಗೆ ಮೊದಲೇ ಹೇಳಿಬಿಡುತ್ತೇನೆ: ಮರಳಿನ ದಿಬ್ಬಕ್ಕಾಗಿ ಮಾತ್ರ ಅಷ್ಟು ದೂರ ಹೋಗಬೇಡಿ. 3162 ಚದರ ಕಿಲೋಮೀಟರ್ ವಿಸ್ತಾರದ ಈ ಉದ್ಯಾನದಲ್ಲಿ ದಿಬ್ಬಗಳ ಪಾಲು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಕಲ್ಲುನೆಲ, ಕುರುಚಲು ಗಿಡ ಮತ್ತು ಸೇವಣ್ ಹುಲ್ಲಿನ ಬಯಲು. ನಮ್ಮ ಬೇಣದ ಹಾಗೆಯೇ ಅದೂ ದನಕರುಗಳ ಮೇವಿನ ನೆಲ. ಹೆಬ್ಬಕ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಬದುಕಿರುವುದೂ ಅಲ್ಲಿಯೇ.

ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿಯಿಂದ ಜೋಧಪುರದ ರೈಲು ಅನುಕೂಲ. ಅದು ದಿನವೂ ಇಲ್ಲ, ಆದ್ದರಿಂದ ಟಿಕೆಟ್ ಮಾಡಿಸಿದ ಮೇಲೆಯೇ ಉಳಿದ ಲೆಕ್ಕ ಹಾಕಿ. ಕಾರವಾರ, ಕುಮಟಾದವರು ಕೊಂಕಣ ರೈಲಿನಲ್ಲಿ ಮುಂಬೈ ಕಡೆಗೆ ಹೋಗಿ ಬದಲಿಸಬಹುದು. ಜೋಧಪುರದಿಂದ ಜೈಸಲ್ಮೇರಿಗೆ ರೈಲು, ಬಸ್ಸು ಎರಡೂ ಇವೆ.

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಆದರೆ ಕರಾವಳಿಯವರಿಗೆ ಅಲ್ಲಿನ ಚಳಿಯ ಅಂದಾಜೇ ಇರುವುದಿಲ್ಲ. ಹಗಲು ಅಂಗಿಯೊಂದೇ ಸಾಕು ಎನಿಸಿದರೂ ರಾತ್ರಿ ಉಷ್ಣಾಂಶ 5 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಉಣ್ಣೆಯ ಟೊಪ್ಪಿ, ಕಾಲುಚೀಲ, ದಪ್ಪ ಜಾಕೆಟ್ ಬೇಕೇ ಬೇಕು. ಒಣಗಾಳಿಗೆ ತುಟಿ, ಹಿಮ್ಮಡಿ ಬಿರಿಯುತ್ತವೆ. ಕೊಬ್ಬರಿ ಎಣ್ಣೆ ಒಯ್ಯುವುದಾದರೆ ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. ಬೆಳಗಾಗುವಷ್ಟರಲ್ಲಿ ಬೆಳ್ಳಗೆ ಗಟ್ಟಿಯಾಗಿ, ಬಾಟಲಿಯನ್ನು ಬಿಸಿಲಿಗಿಟ್ಟು ಕಾಯಬೇಕಾಗುತ್ತದೆ. ಬೂಟು ಹಾಕುವ ಮೊದಲು ಕೊಡವಿ, ಚೇಳು ಸೇರಿಕೊಂಡಿರಬಹುದು. ಅಕ್ಕಿಯ ಊಟಕ್ಕೆ ಹಟ ಹಿಡಿಯಬೇಡಿ. ಬಿಸಿ ಸಜ್ಜೆ ರೊಟ್ಟಿ, ಕೇರ್-ಸಾಂಗ್ರಿ ಪಲ್ಯ, ಬೆಳ್ಳುಳ್ಳಿ ಚಟ್ನಿ ಆ ಚಳಿಗೆ ಹೇಳಿ ಮಾಡಿಸಿದ ಊಟ.

ತಂಗುವುದೆಲ್ಲಿ? ಜೈಸಲ್ಮೇರಿನಿಂದ 40 ಕಿಲೋಮೀಟರ್ ದೂರದ ಸಮ್‌ನಲ್ಲಿ ಡೇರೆಗಳ ಸಾಲೇ ಇದೆ. ಜೊತೆಗೆ ಧ್ವನಿವರ್ಧಕದ ಹಾಡು, ದಿಬ್ಬ ಹತ್ತಿಳಿಯುವ ಜೀಪುಗಳ ಗದ್ದಲ. ನನ್ನ ಮನಸ್ಸು ಒಪ್ಪಿದ್ದು ನೈಋತ್ಯಕ್ಕಿರುವ ಖುರಿ ಎಂಬ ಹಳ್ಳಿಯನ್ನು. ಮಣ್ಣಿನ ಗೋಡೆಯ ಮನೆಗಳು, ಊರಂಚಿನಲ್ಲೇ ದಿಬ್ಬ, ಮನೆಯವರ ಕೈಯಡುಗೆ. ಸ್ವಂತ ಡೇರೆ ಒಯ್ದವರು ಕಂಡಲ್ಲಿ ಹೂಡಬಾರದು. ಇದು ವನ್ಯಜೀವಿಗಳ ನೆಲ, ಗಡಿಗೂ ಹತ್ತಿರ. ಜೈಸಲ್ಮೇರಿನ ಅರಣ್ಯ ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆಯಿರಿ.

ಹೆಬ್ಬಕ ನೋಡಲು ಉದ್ಯಾನದೊಳಗಿನ ಸುದಾಸರಿಯ ಕಡೆಗೆ ನಸುಕಿನಲ್ಲೇ ಹೊರಡಿ. ಹುಲ್ಲಿನ ಮೇಲೆ ಬಿಳಿ ಕತ್ತು, ಕಪ್ಪು ನೆತ್ತಿಯಷ್ಟೇ ಚಲಿಸುತ್ತಿದ್ದಾಗ ನಮ್ಮ ಚಾಲಕ ಇಂಜಿನ್ ನಿಲ್ಲಿಸಿದ. ಹಕ್ಕಿ ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತದೆ, ಬಗ್ಗಿ ಏನನ್ನೋ ಹೆಕ್ಕುತ್ತದೆ, ಮತ್ತೆ ಕತ್ತೆತ್ತುತ್ತದೆ. ದೇಶದಲ್ಲಿ ಉಳಿದಿರುವ ಹೆಬ್ಬಕಗಳು ನೂರೈವತ್ತರ ಆಸುಪಾಸು. ನಮ್ಮ ಸಿರುಗುಪ್ಪದಲ್ಲಿ ಬೆರಳೆಣಿಕೆಯಷ್ಟು. ಅದು ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ, ಹೆಚ್ಚಾಗಿ ವರ್ಷಕ್ಕೊಂದೇ. ಭಾರವಾದ ದೇಹ, ನೇರ ಮುಂದಿನದನ್ನು ಸರಿಯಾಗಿ ಗುರುತಿಸದ ಕಣ್ಣು; ಹಾಗಾಗಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತವೆ. ದಯವಿಟ್ಟು ಫೋಟೊಗಾಗಿ ಜೀಪನ್ನು ದಾರಿ ಬಿಟ್ಟು ಇಳಿಸಲು ಹೇಳಬೇಡಿ, ಚಾಲಕ ತಾನಾಗಿ ಇಳಿಸಿದರೂ ಬೇಡವೆನ್ನಿ. ಹಕ್ಕಿ ಕಾಣದೇ ಹೋದರೂ ಚಿಂಕಾರಾ, ಮರುಭೂಮಿ ನರಿ, ರಣಹದ್ದುಗಳು ಕಣ್ಣಿಗೆ ಬೀಳುವ ಸಾಧ್ಯತೆ ಚೆನ್ನಾಗಿದೆ.

ಮರಳುವ ಮುನ್ನ ಬಾಡಮೇರ್ ರಸ್ತೆಯಲ್ಲಿ, ಜೈಸಲ್ಮೇರಿನಿಂದ 17 ಕಿಲೋಮೀಟರ್ ದೂರದ ಆಕಲ್‌ಗೂ ಹೋಗಿ. ಸುಮಾರು 18 ಕೋಟಿ ವರ್ಷಗಳ ಹಿಂದಿನ ಮರದ ಕಾಂಡಗಳು ಕಲ್ಲಾಗಿ ಬಿದ್ದಿವೆ. ಅಲ್ಲಿ ನೆರಳು ಕಡಿಮೆ, ಬೆಳಗ್ಗೆಯೇ ಮುಗಿಸಿಕೊಂಡರೆ ಆಯಾಸವಿಲ್ಲದೆ ರೈಲು ಹಿಡಿಯಬಹುದು.