ನೆರ್ಲ್ ದಡದ ಚರ್ಚ್ ಮಾಡೆಲ್: ಕೊನೆಗೂ ದಿಬ್ಬ ನಿಂತಿತು

ಈ ವಾರ ಚರ್ಚ್ ಮಾಡೆಲ್ ಕೂರುವ ದಿಬ್ಬ ಮುಗಿಯಿತು. ಎರಡು ಸಲ ಬಿರುಕು ಬಿಟ್ಟಿತ್ತು. ಬರೀ ಕೆಮ್ಮಣ್ಣು ಮೆತ್ತಿದ್ದೆ, ಒಣಗುತ್ತಾ ಬಂದ ಹಾಗೆ ಅಂಚಿನಿಂದ ಒಳಕ್ಕೆ ಸೀಳಿಕೊಂಡು ಹೋಯಿತು. ಮೂರನೇ ಸಲ ನೆನೆಸಿ ರುಬ್ಬಿದ ನ್ಯೂಸ್‌ಪೇಪರ್, ಸ್ವಲ್ಪ ಫೆವಿಕಾಲ್ ಸೇರಿಸಿ ಕಲಸಿದೆ. ತೆಳ್ಳಗೆ ಒಂದೊಂದೇ ಪದರ ಹಚ್ಚಿ ನೆರಳಲ್ಲೇ ಒಣಗಿಸಿದೆ. ಈಗ ಗಟ್ಟಿಯಾಗಿದೆ.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ರಷ್ಯಾದ ವ್ಲಾದಿಮಿರ್ ಹತ್ತಿರ, ಬೊಗೊಲ್ಯುಬೊವೊ ಊರಿನ ಆಚೆ ಹುಲ್ಲುಗಾವಲಲ್ಲಿ ಒಂಟಿಯಾಗಿ ನಿಂತಿರುವ ಬಿಳಿ ಕಲ್ಲಿನ ಚರ್ಚ್ ಇದು. ಕಟ್ಟಿಸಿದವನು ರಾಜ ಆಂದ್ರೇಯ್ ಬೊಗೊಲ್ಯುಬ್‌ಸ್ಕಿ. ವರ್ಷ 1165 ಅಂತ ರೂಢಿ, 1158 ಅನ್ನುವವರೂ ಇದ್ದಾರೆ. ಫೋಟೋದಲ್ಲಿ ನೋಡಿದರೆ ಹಸಿರು ಗುಡ್ಡದ ಮೇಲೆ ಸುಮ್ನೆ ಕೂತ ಹಾಗಿದೆ. ನಾನೂ ಹಾಗೇ ಅಂದುಕೊಂಡಿದ್ದೆ.

ಆದರೆ ಆ ಗುಡ್ಡ ಮನುಷ್ಯರು ಮಾಡಿದ್ದು! 1954–55ರಲ್ಲಿ ಪುರಾತತ್ವಜ್ಞ ನಿಕೊಲಾಯ್ ವರೋನಿನ್ ಅಲ್ಲಿ ಅಗೆದಾಗ ಇದು ಗೊತ್ತಾಯಿತು. ಒರಟು ಕಲ್ಲು, ಸುಣ್ಣದ ಗಾರೆಯ ಪಾಯ ಸುಮಾರು 1.6 ಮೀಟರ್ ಆಳ. ಅದರ ಮೇಲೆ 3.7 ಮೀಟರ್ ಎತ್ತರಕ್ಕೆ ಕಲ್ಲಿನ ಗೋಡೆ ಎಬ್ಬಿಸಿ, ಒಳಗೂ ಹೊರಗೂ ಜೇಡಿಮಣ್ಣು ತುಂಬಿದ್ದಾರೆ. ಚರ್ಚ್ ಶುರುವಾಗುವುದೇ ಅದರ ಮೇಲೆ. ಅಂದರೆ ಐದು ಮೀಟರಿಗಿಂತ ಜಾಸ್ತಿ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ನೆರ್ಲ್ ನದಿ ಕ್ಲ್ಯಾಜ್ಮಾ ನದಿಗೆ ಸೇರುತ್ತಿದ್ದ ತಗ್ಗು ಜಾಗ ಅದು. ಹಿಮ ಕರಗಿ ಹೊಳೆ ಉಕ್ಕಿದರೆ ಸುತ್ತಲೂ ನೀರು, ದಿಬ್ಬ ಮಾತ್ರ ದ್ವೀಪದ ಹಾಗೆ ಉಳಿಯುತ್ತದೆ. ಎಂಟು ಶತಮಾನದಿಂದ ಚರ್ಚ್ ನಿಂತಿರುವುದು ಈ ಮಣ್ಣೊಳಗಿನ ಕೆಲಸದಿಂದ.

ಅದಕ್ಕೇ ನನ್ನ ಮಾಡೆಲ್‌ನಲ್ಲಿ ದಿಬ್ಬದ ಒಂದು ಬದಿಯನ್ನು ಕೇಕ್ ಕತ್ತರಿಸಿದ ಹಾಗೆ ತೆರೆದಿಟ್ಟಿದ್ದೇನೆ. 1:50 ಅಳತೆಯಲ್ಲಿ ಪಾಯ 3.2 ಸೆಂಟಿಮೀಟರ್, ಹೂತ ಗೋಡೆ 7.4 ಸೆಂಟಿಮೀಟರ್. ಪಾಯಕ್ಕೆ ಮೀನಿನ ತೊಟ್ಟಿಗೆ ಹಾಕುವ ಸಣ್ಣ ಕಲ್ಲು ಚೆನ್ನಾಗಿ ಹೊಂದಿತು.

ಆ ಕಾಲದಲ್ಲಿ ದಿಬ್ಬಕ್ಕೆ ಹುಲ್ಲಲ್ಲ, ಬಿಳಿ ಕಲ್ಲಿನ ಚಪ್ಪಡಿ ಹೊದಿಸಿತ್ತು. ಮಳೆನೀರು ಇಳಿಯಲು ಕಲ್ಲಿನ ದೋಣಿಗಳೂ ಇದ್ದವು. ಚಪ್ಪಡಿಗಳನ್ನು ಸನ್‌ಬೋರ್ಡ್ ಹಾಳೆಯಲ್ಲಿ ಕತ್ತರಿಸಿದೆ. ಅರ್ಧ ಭಾಗಕ್ಕೆ ಮಾತ್ರ ಅಂಟಿಸಿದ್ದೇನೆ, ಉಳಿದರ್ಧಕ್ಕೆ ಇವತ್ತಿನ ಹುಲ್ಲು ಹಾಕುತ್ತೇನೆ. ಎರಡೂ ಪಕ್ಕಪಕ್ಕ ಕಾಣಬೇಕು ಅಲ್ವಾ?

ತುಂಬಾ ಯೋಚಿಸಿದ್ದು ಮೊಗಸಾಲೆ ಬಗ್ಗೆ. ಚರ್ಚಿನ ಮೂರು ಬದಿಗೂ ಮೊಗಸಾಲೆಯ ಪಾಯ ಸಿಕ್ಕಿದೆ. ಮೇಲೆ ಅದು ಹೇಗಿತ್ತು ಅನ್ನುವುದಕ್ಕೆ ವರೋನಿನ್ ಚಿತ್ರ ಬರೆದು ತೋರಿಸಿದರು, ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಕಮಾನು ಕೂರಿಸಿದರೆ ಮಾಡೆಲ್ ಚೆಂದ ಕಾಣುತ್ತದೆ, ನಿಜ. ಆದರೂ ನಾನು ಪಾಯದ ಗೆರೆಯನ್ನಷ್ಟೇ ಇಡುತ್ತೇನೆ. ನೆಲದಲ್ಲಿ ಸಿಕ್ಕಿದ್ದು ಅಷ್ಟೇ.

ನಿನ್ನೆ ವಾರ್ನಿಶ್ ಒಣಗಿದ ಮೇಲೆ ಒಂದು ಲೋಟ ನೀರನ್ನು ಮೇಲಿಂದ ನಿಧಾನವಾಗಿ ಸುರಿದೆ. ಮೂರು ದೋಣಿಯಲ್ಲಿ ಸರಾಗವಾಗಿ ಇಳಿಯಿತು. ವಾಯವ್ಯ ಮೂಲೆಯಲ್ಲಿ ಮಾತ್ರ ಚಪ್ಪಡಿ ಸಂದಿಯಲ್ಲಿ ನಿಂತಿತು. ಅಲ್ಲಿನ ನಾಲ್ಕು ಚಪ್ಪಡಿ ಕಿತ್ತು ಇಳಿಜಾರು ಸರಿ ಮಾಡಿ, ಆಮೇಲೆ ಗೋಡೆಗೆ ಕೈ ಹಾಕುತ್ತೇನೆ.