ಮಣ್ಣು ತುಂಬಿಸಿದರೆ ಆ ನೀರು ಎಲ್ಲಿಗೆ ಹೋಗಬೇಕು?

ನಾನು ಡ್ರಾಯಿಂಗ್ ಮಾಡಬೇಕಿದ್ದ ಪಾರ್ಕಿಗೆ ಜನ ಕೇಳಿದ್ದ ಪಟ್ಟಿ ದೊಡ್ಡದೇನೂ ಇರಲಿಲ್ಲ. ಒಂದು ಶೌಚಾಲಯ, ಮಳೆ ಬಂದರೆ ನಿಲ್ಲೋಕೆ ಒಂದು ಮಂಟಪ, ಮಕ್ಕಳಿಗೆ ಆಟದ ಜಾಗ, ಸುತ್ತ ಬೇಲಿ, ನಾಲ್ಕಾರು ದೀಪ. ಪಾರ್ಕಿನ ಒಂದು ಪಕ್ಕ ರಸ್ತೆ, ಇನ್ನೊಂದು ಪಕ್ಕ ಹಳ್ಳ. ಹಳ್ಳದ ಕಡೆ ಜಾಗ ಸಮತಟ್ಟಾಗಿತ್ತು, ಒಳ್ಳೆ ನೆರಳಿತ್ತು, ಹಾಗಾಗಿ ನಾನು ಡ್ರಾಯಿಂಗ್‌ನಲ್ಲಿ ಎಲ್ಲವನ್ನೂ ಅಲ್ಲೇ ಕೂರಿಸಿದೆ. ನೆರೆ ನಕಾಶೆಯಲ್ಲಿ ಆ ಭಾಗ ಮುಳುಗುವ ಜಾಗ ಅಂತ ಇದ್ದದ್ದು ನನಗೆ ಗೊತ್ತಿತ್ತು. 60 ಸೆಂಟಿಮೀಟರ್ ಮಣ್ಣು ತುಂಬಿಸಿ ಎತ್ತರ ಮಾಡಿದರೆ ಆಯ್ತು ಅಂದುಕೊಂಡಿದ್ದೆ.

ನಮ್ಮ ಹಿರಿಯ ಇಂಜಿನಿಯರ್ ಮೇಡಂ ಡ್ರಾಯಿಂಗ್ ನೋಡಿ ಕೇಳಿದ್ದು ಒಂದೇ ಮಾತು. "ಇಲ್ಲಿ ನಿಲ್ತಿದ್ದ ನೀರು ಇನ್ಮೇಲೆ ಎಲ್ಲಿಗೆ ಹೋಗುತ್ತೆ ಹೇಳಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಪೆನ್ಸಿಲ್ ತಗೊಂಡು ಹಾಳೆಯ ಅಂಚಲ್ಲಿ ಲೆಕ್ಕ ಬರೆದರು. ತುಂಬಿಸುವ ಜಾಗ 300 ಚದರ ಮೀಟರ್, ಎತ್ತರ 0.6 ಮೀಟರ್, ಅಲ್ಲಿಗೆ 180 ಘನ ಮೀಟರ್. ಅಂದರೆ 1,80,000 ಲೀಟರ್ ನೀರಿಗೆ ಇದ್ದ ಜಾಗವನ್ನು ನಾನು ಕಿತ್ತುಕೊಂಡಿದ್ದೆ. "ನಿಮ್ಮ ಮಂಟಪ ಒಣಗೇ ಇರುತ್ತೆ. ಆಚೆ ದಂಡೆ ಮನೆಯವರ ಕಥೆ ಏನು?" ಅಂದರು.

ಅಲ್ಲಿಯವರೆಗೂ ನಾನು ನೆರೆ ನಿಯಮ ಇರೋದು ಕಟ್ಟಡವನ್ನು ನೀರಿನಿಂದ ಕಾಪಾಡೋಕೆ ಅಂತಲೇ ಓದಿಕೊಂಡಿದ್ದೆ. ಅದು ಅರ್ಧ ಮಾತ್ರ. ಕಟ್ಟಡದಿಂದ ಅಕ್ಕಪಕ್ಕದವರನ್ನು, ಕೆಳಗಿನ ಊರಿನವರನ್ನು ಕಾಪಾಡೋದು ಇನ್ನರ್ಧ. ಪಾರ್ಕಿನಲ್ಲಿ ಈ ಎರಡನೇ ಅರ್ಧವೇ ಜಾಸ್ತಿ ಮುಖ್ಯ, ಯಾಕಂದರೆ ನೀರು ಹರಡಿಕೊಳ್ಳೋಕೆ ಉಳಿದಿರುವ ಖಾಲಿ ಜಾಗ ಎಷ್ಟೋ ಕಡೆ ಪಾರ್ಕೊಂದೇ.

ನೆರೆ ಬಯಲನ್ನು ನಾವು ಎರಡು ಭಾಗ ಮಾಡಿ ನೋಡುತ್ತೇವೆ. ಹಳ್ಳ ಮತ್ತು ಅದಕ್ಕೆ ಅಂಟಿಕೊಂಡು ನೀರು ರಭಸವಾಗಿ ಹರಿಯುವ ಪಟ್ಟಿ ಒಂದು. ಅದರಾಚೆ, ನೀರು ಬಂದು ಸುಮ್ನೆ ನಿಂತು ಇಳಿದು ಹೋಗುವ ಅಂಚು ಇನ್ನೊಂದು. ಮೊದಲನೆಯದರಲ್ಲಿ ನೀರಿನ ಮಟ್ಟ ಏರಿಸುವಂಥದ್ದು ಏನೂ ಬೇಡ. ಅಲ್ಲಿ ನೀರಿನ ರಭಸವೂ ಅಪಾಯ, ಹರಿವಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಅಂಚಿನಲ್ಲಿ ಸ್ವಲ್ಪ ಅವಕಾಶ ಉಂಟು. ಎಷ್ಟು ಮಣ್ಣು ತುಂಬಿಸುತ್ತೀರೋ ಅಷ್ಟನ್ನೇ, ಅದೇ ಮಟ್ಟದಲ್ಲಿ, ಹಳ್ಳದ ನೀರು ಒಳಗೆ ಬಂದು ಹೊರಗೆ ಹೋಗುವ ಹಾಗೆ, ಬೇರೆ ಕಡೆ ಅಗೆದು ತೆಗೆಯಬೇಕು. ಮೊದಲೇ ನೀರು ತುಂಬಿರುವ ಹೊಂಡ ತೋರಿಸಿ ಇದೇ ಆ ಜಾಗ ಅಂದರೆ ಆಗೋದಿಲ್ಲ.

ಜನರ ಸಭೆಯಲ್ಲಿ ಒಬ್ಬರು ಹಿರಿಯರು ಎದ್ದು ನಿಂತರು. "100 ವರ್ಷಕ್ಕೊಮ್ಮೆ ಬರೋ ನೆರೆ ಅಂತೀರಿ. 6 ವರ್ಷದ ಹಿಂದೆ ಬಂದು ಹೋಯ್ತಲ್ಲ, ಇನ್ನು ನಮ್ಮ ಕಾಲಕ್ಕೆ ಬರಲ್ಲ ಬಿಡಿ." ಆ ಹೆಸರೇ ದಾರಿ ತಪ್ಪಿಸುತ್ತದೆ, ಅವರ ತಪ್ಪಲ್ಲ. ಅದರ ಅರ್ಥ ಯಾವ ವರ್ಷ ಬೇಕಾದರೂ ಬರುವ ಸಾಧ್ಯತೆ 100ಕ್ಕೆ 1 ಅಂತ. ಹೋದ ವರ್ಷ ಬಂದಿದ್ದರೂ ಈ ವರ್ಷ ಅದೇ 1. ಶೌಚಾಲಯ 30 ವರ್ಷ ಬಾಳಬೇಕು ಅಂದರೆ ಆ 30 ವರ್ಷದಲ್ಲಿ ಒಮ್ಮೆಯಾದರೂ ಅಂಥ ನೆರೆ ಕಾಣುವ ಸಾಧ್ಯತೆ 100ಕ್ಕೆ ಸುಮಾರು 26. ಇದನ್ನು ಬೋರ್ಡ್ ಮೇಲೆ ಬರೆದಾಗ ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು.

ಬೇಲಿ ವಿಷಯದಲ್ಲಿ ಮಾತ್ರ ನಾನು ಇನ್ನೂ ವಾದ ಮಾಡುತ್ತಿದ್ದೆ. ತೂತಿರುವ ಜಾಲರಿ ಅಲ್ವಾ, ನೀರು ದಾಟಿ ಹೋಗುತ್ತೆ ಅಂತ. ಆಗ ಮೇಡಂ ನನ್ನನ್ನು ಮೇಲಿನ ಇನ್ನೊಂದು ಪಾರ್ಕಿಗೆ ಕರೆದುಕೊಂಡು ಹೋದರು. ಅಲ್ಲಿ ನೆರೆ ಇಳಿದು ಎರಡು ದಿನ ಆಗಿತ್ತು. ಜಾಲರಿಯ ಒಂದು ಕಣ್ಣೂ ಕಾಣುತ್ತಿರಲಿಲ್ಲ. ಹುಲ್ಲು, ಎಲೆ, ಪ್ಲಾಸ್ಟಿಕ್ ಚೀಲ, ಹರಿದ ಬಟ್ಟೆ, ಒಂದು ಮಗುವಿನ ಚಪ್ಪಲಿ, ಎಲ್ಲ ಹೆಣೆದುಕೊಂಡು ಚಾಪೆ ಹಾಗೆ ಗಟ್ಟಿಯಾಗಿತ್ತು. ಬೆರಳಲ್ಲಿ ಕಿತ್ತು ನೋಡಿದೆ, ಬರಲಿಲ್ಲ. ಬೇಲಿಗೆ ನೀರು ಬಂದು ತಾಗುವ ಕಡೆ ಮರಗಳ ಮೇಲೆ ಕೆಸರಿನ ಗೆರೆ ನನ್ನ ಸೊಂಟದ ತನಕ, ಬೇಲಿ ದಾಟಿದ ಕಡೆ ಮೊಣಕಾಲ ತನಕ. ಒಂದು ಬೇಲಿ ಅಣೆಕಟ್ಟಾಗಿತ್ತು. ಕೊನೆಗೆ ಕಂಬಗಳು ಬಾಗಿ ನೀರು ಒಂದೇ ಸಲ ನುಗ್ಗಿ, ಅಡಿಪಾಯದ ಮಣ್ಣನ್ನೂ ಕೊಚ್ಚಿಕೊಂಡು ಹೋಗಿತ್ತು. ಆಮೇಲೆ ನಾನು ಬೇಲಿಯ ಮಾತು ಎತ್ತಲಿಲ್ಲ.

ಶೌಚಾಲಯದ ಕಷ್ಟ ಬೇರೆ. ಗೋಡೆ, ಬಾಗಿಲು ನೆನೆದರೆ ತೊಳೆಯಬಹುದು. ಕೊಳಚೆ ನೀರು ಪೈಪಿನಲ್ಲಿ ವಾಪಸ್ ಉಕ್ಕಿ ಬಂದರೆ ಅದು ಪಾರ್ಕಿನ ತುಂಬ ಹರಡುತ್ತದೆ. ನೆಲದೊಳಗಿನ ಟ್ಯಾಂಕ್ ಖಾಲಿ ಇದ್ದು ಸುತ್ತ ಮಣ್ಣು ನೀರು ಕುಡಿದಿದ್ದರೆ ಟ್ಯಾಂಕೇ ತೇಲಿ ಮೇಲೆ ಬಂದುಬಿಡಬಹುದು. ಸ್ಟಿಲ್ಟ್, ಅಂದರೆ ಕೆಳಗೆ ಕಂಬಗಳನ್ನು ಹಾಕಿ ಎತ್ತರಿಸಿದರೆ ಗಾಲಿಕುರ್ಚಿಯವರಿಗೆ ಉದ್ದನೆಯ ಇಳಿಜಾರು ಬೇಕು, ಆ ಇಳಿಜಾರು ಮತ್ತೆ ನೀರಿಗೆ ಅಡ್ಡ. ಕೊನೆಗೆ ಅದನ್ನು ರಸ್ತೆ ಪಕ್ಕದ ಎತ್ತರದ ಮೂಲೆಗೆ ತಂದೆವು. ದೀಪಗಳ ಸ್ವಿಚ್ ಬೋರ್ಡ್ ಕೂಡ ಅಲ್ಲೇ.

ಹಳ್ಳದ ಕಡೆ ಉಳಿದದ್ದು ಮುಳುಗಿದರೂ ಪರವಾಗಿಲ್ಲ ಅನ್ನುವಂಥವು. ನೆಲದ ಮಟ್ಟದಲ್ಲೇ ಆಟದ ಅಂಗಳ, ಒಂದಿಷ್ಟೂ ಎತ್ತರಿಸದೆ. ಗೋಡೆ ಇಲ್ಲದೆ ನಾಲ್ಕೇ ಕಂಬದ ಮಂಟಪ, ಅದೂ ನೀರು ನಿಲ್ಲುವ ಅಂಚಿನಲ್ಲಿ. ಕಾಂಕ್ರೀಟಿಗೆ ಬೋಲ್ಟ್ ಹಾಕಿದ ಬೆಂಚುಗಳು. ಜಾರುಬಂಡೆ, ಉಯ್ಯಾಲೆ ಕೆಳಗೆ ಮರದ ಚೂರು ಹಾಕೋಣ ಅಂತಿದ್ದೆವು, ಅದು ತೇಲಿ ಹೋಗಿ ಮೋರಿಯಲ್ಲಿ ಸಿಕ್ಕಿಕೊಂಡು ನೀರು ತಡೆಯುತ್ತದೆ ಅಂತ ಕೈಬಿಟ್ಟೆವು.

ಹಳ್ಳಕ್ಕೆ ಜಾಗ ಬಿಟ್ಟೂ ಪಾರ್ಕ್ ಚೆನ್ನಾಗಿರಬಹುದು ಅಂತ ನನಗೆ ಧೈರ್ಯ ಕೊಟ್ಟದ್ದು ಸಿಂಗಪುರದ ಬಿಶಾನ್ ಆಂಗ್ ಮೋ ಕಿಯೋ ಪಾರ್ಕ್. ಅಲ್ಲಿ 2.7 ಕಿಲೋಮೀಟರ್ ಉದ್ದದ ಕಾಂಕ್ರೀಟ್ ಕಾಲುವೆಯನ್ನು ಒಡೆದು 3.2 ಕಿಲೋಮೀಟರ್ ಬಳುಕಿ ಹರಿಯುವ ನದಿ ಮಾಡಿದರು, 2012ರಲ್ಲಿ ಜನರಿಗೆ ತೆರೆದರು. ಮಳೆ ಜೋರಾದರೆ ದಂಡೆಯ ಹುಲ್ಲುಹಾಸು ನೀರಿನ ದಾರಿಯಾಗುತ್ತದೆ. ನೀರು ಏರುವಾಗ ಸೈರನ್, ದೀಪ ಎಚ್ಚರಿಸುತ್ತವೆ, ಜನ ಎದ್ದು ಮೇಲೆ ಹೋಗುತ್ತಾರೆ.

ನಮ್ಮ ಪಾರ್ಕಿನಲ್ಲಿ ಒಂದು ದೂರು ಉಳಿದಿದೆ. ಮೊಮ್ಮಗನನ್ನು ಆಟಕ್ಕೆ ಕರೆತರುವ ಒಬ್ಬ ಅಜ್ಜಿ, "ಇಷ್ಟು ದೂರ ಶೌಚಾಲಯ ಇಟ್ರೆ ನನ್ನ ಕಾಲಿಗೆ ಆಗಲ್ಲಪ್ಪ" ಅಂದರು. ಯಾಕೆ ಹಾಗೆ ಅಂತ ವಿವರಿಸಿದೆ. ಕೇಳಿಸಿಕೊಂಡರು, ಆದರೂ ಅವರ ಕಾಲು ನೋವು ನಿಜವೇ ಅಲ್ವಾ? ದಾರಿಯಲ್ಲಿ ಎರಡು ಕಡೆ ಕೂರೋಕೆ ಬೆಂಚು ಹಾಕಿದ್ದೇವೆ, ಒರಗು ಹಲಗೆ ಮತ್ತು ಕೈಹಿಡಿ ಇರುವಂಥವು. ಅಷ್ಟು ಸಾಕಾಯ್ತಾ ಅಂತ ಮುಂದಿನ ವಾರ ಹೋಗಿ ಅವರನ್ನೇ ಕೇಳಬೇಕು.